ಏಕೆ ಎಂದು ಕೇಳಿದ ವಿಜ್ಞಾನಿ: ಸರ್ ಸಿ.ವಿ. ರಾಮನ್



ಭೌತಶಾಸ್ತ್ರವೆಂದರೆ ನಿಮ್ಮಲ್ಲಿ ಅನೇಕರಿಗೆ ಭಯ. ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿ ಅಂಕ ಪಡೆಯುತ್ತೀರಿ, ಪರೀಕ್ಷೆ ಮುಗಿದೊಡನೆ ಮರೆಯುತ್ತೀರಿ. ಈ ವಿಷಯವನ್ನು ಅರ್ಥ ಮಾಡಿಕೊಂಡು ಕಲಿಯುವುದು ಹೇಗೆ? ಸರ್ ಸಿ.ವಿ. ರಾಮನ್ ಅವರ ಜೀವನವೇ ಅದಕ್ಕೊಂದು ಪಾಠ.

ರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. 1907ರಲ್ಲಿ ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಕಚೇರಿಗೆ ಮುನ್ನ ಹಾಗೂ ಕಚೇರಿ ಮುಗಿದ ಮೇಲೆ ಪ್ರಯೋಗಾಲಯದಲ್ಲಿ ದುಡಿಯುತ್ತಿದ್ದರು. 1917ರಲ್ಲಿ ಹೆಚ್ಚು ಸಂಬಳದ ಆ ಹುದ್ದೆಯನ್ನು ಬಿಟ್ಟು ಪ್ರಾಧ್ಯಾಪಕರಾದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಬಣ್ಣ ಅವರನ್ನು ಸೆಳೆಯಿತು. ಆಕಾಶದ ಪ್ರತಿಫಲನದಿಂದ ಸಮುದ್ರ ನೀಲಿಯಾಗಿ ಕಾಣುತ್ತದೆ ಎಂಬುದು ಹೆಸರಾಂತ ವಿಜ್ಞಾನಿ ರ‍್ಯಾಲೇ ಅವರ ಅಭಿಪ್ರಾಯವಾಗಿತ್ತು. ರಾಮನ್ ಅದನ್ನು ಹಾಗೆಯೇ ಒಪ್ಪಲಿಲ್ಲ. ತಮ್ಮಲ್ಲಿದ್ದ ಪುಟ್ಟ ನಿಕಾಲ್ ಪಟ್ಟಕದಿಂದ ಪ್ರತಿಫಲಿತ ಬೆಳಕನ್ನು ತಡೆದು ನೋಡಿದರು. ಸಮುದ್ರ ಆಗಲೂ ನೀಲಿಯೇ! ನೀರಿನೊಳಗೇ ಬೆಳಕು ಚದುರುತ್ತದೆ ಎಂದು ಅರಿತರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ದೊಡ್ಡ ಕಾರಣವೆಂದು ಇಂದು ತಿಳಿದಿದೆ.

ಆ ಪ್ರಶ್ನೆಯನ್ನು ಅವರು ಏಳು ವರ್ಷ ಬಿಡಲಿಲ್ಲ. ಕೆ.ಎಸ್. ಕೃಷ್ಣನ್ ಅವರೊಡನೆ ಸುಮಾರು ಅರವತ್ತು ದ್ರವಗಳನ್ನು ಪರೀಕ್ಷಿಸಿದರು. 1928ರ ಫೆಬ್ರವರಿ 28ರಂದು, ಚದುರಿದ ಬೆಳಕಿನ ಸ್ವಲ್ಪ ಭಾಗ ತನ್ನ ಬಣ್ಣವನ್ನೇ ಬದಲಿಸುತ್ತದೆ ಎಂಬುದನ್ನು ಕಂಡರು. ಅದೇ ರಾಮನ್ ಪರಿಣಾಮ. 1930ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಶಾಲೆಗಳಲ್ಲಿ ಆ ದಿನವನ್ನೇ ವಿಜ್ಞಾನ ದಿನವೆಂದು ಆಚರಿಸುತ್ತೇವೆ.

1933ರಲ್ಲಿ ಬೆಂಗಳೂರಿಗೆ ಬಂದ ರಾಮನ್, 1948ರಲ್ಲಿ ಅಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿದರು. ಎಂಬತ್ತರ ವಯಸ್ಸಿನಲ್ಲೂ, 1968ರಲ್ಲಿ ಅಹಮದಾಬಾದಿನಲ್ಲಿ, ಆಕಾಶ ಏಕೆ ನೀಲಿ ಎಂಬ ವಿಷಯವಾಗಿ ಉಪನ್ಯಾಸ ನೀಡಿದರು. 1970ರ ನವೆಂಬರ್ 21ರಂದು ನಿಧನರಾದರು.

ನೀವೂ ಹೀಗೆ ಕಲಿಯಬಹುದು. ಗಾಜಿನ ಲೋಟದ ನೀರಿಗೆ ಕೆಲವು ಹನಿ ಹಾಲು ಹಾಕಿ, ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿಯಿರಿ. ಏನು ಕಾಣಬಹುದೆಂದು ಮೊದಲೇ ಊಹಿಸಿ ಬರೆದಿಡಿ. ಪಕ್ಕದಿಂದ ನೋಡಿದರೆ ನಸುನೀಲಿ, ಎದುರಿನಿಂದ ನೋಡಿದರೆ ಹಳದಿಗೆಂಪು. ಬಾದಾಮಿಯ ಬೆಟ್ಟದ ಮೇಲೆ ಹಗಲಿನ ಆಕಾಶ ನೀಲಿಯಾಗಿ, ಮುಳುಗುವ ಸೂರ್ಯ ಕೆಂಪಾಗಿ ಕಾಣುವುದೂ ಇದೇ ಕಾರಣಕ್ಕೆ. ನಿಮ್ಮ ಊಹೆ ತಪ್ಪಾದರೆ ನಾಚಬೇಡಿ. ಕಲಿಕೆ ಅಲ್ಲಿಂದಲೇ ಆರಂಭ. ಕಂಡದ್ದನ್ನು ಗೆಳೆಯರಿಗೆ ನಿಮ್ಮ ಮನೆಮಾತಿನಲ್ಲಿ, ಉರ್ದುವಾಗಲಿ ಕನ್ನಡವಾಗಲಿ, ವಿವರಿಸಿ. ಕೊನೆಗೆ ಪುಸ್ತಕದ ವ್ಯಾಖ್ಯೆ ಓದಿ. ಆಗ ಅದು ಬರೀ ಬಾಯಿಪಾಠವಾಗಿರುವುದಿಲ್ಲ, ನಿಮ್ಮದೇ ತಿಳಿವಳಿಕೆಯಾಗಿರುತ್ತದೆ.