ಸೇತುವೆಯ ಸ್ಟೋನಿಯವರು

ನಮ್ಮ ಪರಿಗಿಯ ಬಳಿ ಹರಿಯುವ ಉತ್ತರ ಪಿನಾಕಿನಿಯೂ ಪುಟ್ಟಪರ್ತಿಯ ಬದಿಯ ಚಿತ್ರಾವತಿಯೂ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ವರ್ಷದ ಬಹುಭಾಗ ಬರಿಯ ಮರಳಿನ ಹಾಸಾಗಿ ಬಿದ್ದಿರುವ ಈ ನದಿಗಳಿಗೆ ಸೇತುವೆ ಕಟ್ಟುವುದು ದುಸ್ತರವೆಂದರೆ ಹೊರಗಿನವರು ನಕ್ಕಾರು. ಆದರೆ ಒಂದು ಇರುಳಿನ ಜಡಿಮಳೆಗೆ ಮೇಲಿನ ಕೆರೆ ಒಡೆದು, ಆ ನೀರು ಕೆಳಗಿನ ಕೆರೆಗೆ ನುಗ್ಗಿ, ಅದೂ ಒಡೆದು ಹೊಳೆಗಿಳಿದರೆ ಏನಾಗುವುದೆಂಬುದು ಕೆರೆಗಳ ಸೀಮೆಯವರಾದ ನಮಗೆ ಗೊತ್ತು. ಇಂತಹ ಪ್ರವಾಹಗಳೊಡನೆ ಸೆಣಸಿದವರು ಮದರಾಸು ರೈಲ್ವೆಯ ಮುಖ್ಯ ಇಂಜಿನಿಯರಾಗಿದ್ದ ಎಡ್ವರ್ಡ್ ವಾಲರ್ ಸ್ಟೋನಿಯವರು.

1844ರಲ್ಲಿ ಜನಿಸಿದ ಇವರು ಐರ್ಲೆಂಡಿನ ಟಿಪ್ಪರರಿ ಪ್ರಾಂತದ ಜಮೀನುದಾರರ ಮನೆತನದವರು. ಐವರು ಗಂಡುಮಕ್ಕಳಲ್ಲಿ ಒಬ್ಬರು. ಆಸ್ತಿ ಹಿರಿಯನ ಪಾಲಾಗುವುದು ಅಲ್ಲಿಯ ಪದ್ಧತಿಯಾದುದರಿಂದ ಉಳಿದವರು ದೇಶಾಂತರ ಹೊರಟರು. ಎಡ್ವರ್ಡರು ಇಂಜಿನಿಯರಾಗಿ ನಮ್ಮ ನಾಡಿಗೆ ಬಂದರು.

ಕನ್ನಡಿಗರ ತುಂಗಭದ್ರೆಯ ಮೇಲಿನ ರೈಲ್ವೆ ಸೇತುವೆಯ ನಿರ್ಮಾಣದೊಡನೆ ಇವರ ಹೆಸರು ಕೂಡಿಕೊಂಡಿದೆ. ಮರಳಿನ ನದಿಯಲ್ಲಿ ಕಂಬ ನಿಲ್ಲಬೇಕಾದರೆ ಬಾವಿಯಂತೆ ಸುತ್ತಲೂ ಗೋಡೆ ಕಟ್ಟಿ, ಒಳಗಿನ ಮರಳನ್ನು ತೋಡಿ ತೆಗೆಯುತ್ತ, ಗೋಡೆಯು ತನ್ನ ಭಾರದಿಂದಲೇ ಗಟ್ಟಿನೆಲದವರೆಗೆ ಇಳಿಯುವಂತೆ ಮಾಡಬೇಕು. ಇಳಿಸಿದ್ದು ಸಾಲದೆ ಹೋದರೆ ಪ್ರವಾಹವು ಬುಡದ ಮರಳನ್ನೇ ಕೊರೆದೊಯ್ಯುತ್ತದೆ. ಚಿತ್ರಾವತಿಯ ಹೊಸ ಸೇತುವೆಯನ್ನು ಕುರಿತೂ, 1898ರಲ್ಲಿ ದಕ್ಷಿಣ ಭಾರತದ ಅಸಾಧಾರಣ ಪ್ರವಾಹಗಳನ್ನೂ ಅವು ರೈಲುದಾರಿಗೆ ಮಾಡಿದ ಹಾನಿಯನ್ನೂ ಕುರಿತೂ ಇವರು ಲಂಡನ್ನಿನ ಇಂಜಿನಿಯರುಗಳ ಸಂಸ್ಥೆಗೆ ಪ್ರಬಂಧಗಳನ್ನು ಬರೆದರು. ಪಂಖಾದ ಹಗ್ಗ ಜಾರುವ ಗಾಲಿ ಕಿರುಗುಟ್ಟದಂತೆ ಮಾಡಿದ ಸದ್ದಿಲ್ಲದ ಗಾಲಿಯೂ ಇವರ ಕಲ್ಪನೆಯೇ. ದೊರೆಗಳ ನಿದ್ದೆಗೆ ಅದರಿಂದ ಅನುಕೂಲವಾಯಿತು. ಹೊರಗೆ ಕುಳಿತು ಇರುಳೆಲ್ಲ ಹಗ್ಗ ಎಳೆಯುವವನ ನಿದ್ದೆಯ ವಿಷಯ ಬೇರೆ.

ಸ್ಟೋನಿಯವರ ಪತ್ನಿ ಸಾರಾ ಕ್ರಾಫರ್ಡರು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮಗಳು ಎಥೆಲ್ ಸಾರಾ ಹುಟ್ಟಿದ್ದು 1881ರ ನವೆಂಬರ್ 18ರಂದು, ಕೊಯಮತ್ತೂರಿನ ಬಳಿಯ ರೈಲ್ವೆ ಊರಾದ ಪೋದನೂರಿನಲ್ಲಿ. ಅಂದಿನ ಬಿಳಿಯ ಅಧಿಕಾರಿಗಳ ವಾಡಿಕೆಯಂತೆ ನಾಲ್ವರನ್ನೂ ಓದಿಗಾಗಿ ಐರ್ಲೆಂಡಿನ ಸೋದರಮಾವನ ಮನೆಗೆ ಕಳುಹಿಸಲಾಯಿತು. ತಂದೆ ಹಣಕ್ಕೆ ಕೊರತೆ ಮಾಡಲಿಲ್ಲ. ಆದರೆ ಆ ತುಂಬಿದ ಮನೆಯಲ್ಲಿ ಮಕ್ಕಳಿಗೆ ಅಕ್ಕರೆ ದೊರೆಯಲಿಲ್ಲ. ನದಿಯ ಎರಡು ದಡಗಳನ್ನು ಕೂಡಿಸಿದವರಿಗೆ ತಮ್ಮ ಮನೆಯನ್ನು ಕೂಡಿಸಿಕೊಳ್ಳಲಾಗಲಿಲ್ಲವಲ್ಲ ಎಂದು ನಮಗೆ ವ್ಯಥೆಯಾಗುತ್ತದೆ.

1900ರಲ್ಲಿ ಹೆಣ್ಣುಮಕ್ಕಳಿಬ್ಬರೂ ನೀಲಗಿರಿಯ ಕೂನೂರಿನ ಮನೆಗೆ ಮರಳಿದರು. ಏಳು ವರ್ಷ ತಂದೆಯ ಸೂರಿನಡಿಯಲ್ಲಿದ್ದರು. ಸ್ಟೋನಿಯವರದು ಸಿಡುಕಿನ, ಬಿಗಿಯಾದ ಸ್ವಭಾವ. ಒಮ್ಮೆ ಸಂಸಾರವನ್ನೆಲ್ಲ ಕಾಶ್ಮೀರಕ್ಕೆ ಕರೆದೊಯ್ದಾಗ ಎಥೆಲಳು ಒಬ್ಬ ಮಿಷನರಿ ವೈದ್ಯನನ್ನು ಮೆಚ್ಚಿದಳು. ವರನಲ್ಲಿ ಹಣವಿಲ್ಲವೆಂದು ಆ ಸಂಬಂಧ ಮುರಿದುಬಿತ್ತು. ಮಗಳು ಬಡತನ ಕಾಣದಿರಲೆಂಬ ಕಾಳಜಿಯೇ ಇದ್ದೀತು. ನಮ್ಮ ಮನೆಗಳ ಹಿರಿಯರೂ ಹಾಗೆಯೇ ಮಾಡುತ್ತಿದ್ದರು. ಆದರೂ ಆ ಹುಡುಗಿಯ ಮನಸ್ಸನ್ನು ಕೇಳಿದವರಾರು?

1907ರ ಅಕ್ಟೋಬರ್ 1ರಂದು ಡಬ್ಲಿನ್ನಿನಲ್ಲಿ ಆಕೆಯ ವಿವಾಹ ಜೂಲಿಯಸ್ ಟ್ಯೂರಿಂಗರೊಡನೆ ನೆರವೇರಿತು. ಅವರು ಮದರಾಸು ಪ್ರಾಂತದ ಸಿವಿಲ್ ಸರ್ವಿಸಿನ ಅಧಿಕಾರಿ. ಮರುವರ್ಷ ಸೆಪ್ಟೆಂಬರ್ 1ರಂದು ಮೊದಲ ಮಗ ಜಾನ್ ಹುಟ್ಟಿದ್ದು ತಾತನ ಕೂನೂರಿನ ಮನೆಯಲ್ಲೇ. ಬಳಿಕ ಟ್ಯೂರಿಂಗ್ ದಂಪತಿಗಳು ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ ಊರೂರು ತಿರುಗಿದರು. ಅವುಗಳಲ್ಲಿ ಅನಂತಪುರವೂ ಒಂದು. ನಮ್ಮ ಹಿಂದೂಪುರ, ಪರಿಗಿಗಳು ಆಗ ಆ ಜಿಲ್ಲೆಗೇ ಸೇರಿದ್ದವು. ಎರಡನೆಯ ಮಗ ಅಲನ್ 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು. ಈತನೇ ಇಂದಿನ ಗಣಕಯಂತ್ರಗಳಿಗೆ ಗಣಿತದ ತಳಹದಿ ಹಾಕಿದ ಅಲನ್ ಟ್ಯೂರಿಂಗ್. ತಾಯಿಯ ಬಾಲ್ಯವೇ ಮಕ್ಕಳಿಗೂ ಬಂತು: ತಂದೆತಾಯಿಗಳು ಮದರಾಸು ಪ್ರಾಂತದಲ್ಲಿ, ಎಳೆಯರಿಬ್ಬರೂ ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ.

ಸ್ಟೋನಿಯವರು 1931ರಲ್ಲಿ ತೀರಿಕೊಂಡರು. ಅದೇ ವರ್ಷ ಮೊಮ್ಮಗ ಅಲನ್ ಗಣಿತದ ವ್ಯಾಸಂಗಕ್ಕಾಗಿ ಕೇಂಬ್ರಿಜ್ ಸೇರಿದನು.