ಸೆರೆಯಿಂದ ಮರಳಿದ ಸೈನಿಕ: ಮಿಗೆಲ್ ದೆ ಸರ್ವಾಂಟಿಸ್

ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮ ಕರಾವಳಿಯ ಇಗರ್ಜಿಗಳಲ್ಲಿ, ಮನೆಮನೆಗಳಲ್ಲಿ ಜಪಮಾಲೆಯ ಪ್ರಾರ್ಥನೆ ಕೇಳಿಬರುತ್ತದೆ. 7ನೇ ತಾರೀಕು ಜಪಮಾಲೆ ಮಾತೆಯ ಹಬ್ಬ. ಈ ಹಬ್ಬದ ಹಿಂದೆ 1571ರ ಅಕ್ಟೋಬರ್ 7ರಂದು ಗ್ರೀಸ್ ದೇಶದ ಲೆಪಾಂಟೊ ಎಂಬಲ್ಲಿ ನಡೆದ ಸಮುದ್ರ ಯುದ್ಧವಿದೆ ಎಂಬುದು ಧರ್ಮೋಪದೇಶ ತರಗತಿಗಳಲ್ಲಿ ಕಲಿತವರಿಗೆ ನೆನಪಿರಬಹುದು. ಎರಡೂ ಕಡೆ ಸೇರಿ ನಾನ್ನೂರಕ್ಕೂ ಹೆಚ್ಚು ಹಡಗುಗಳು ಅಲ್ಲಿ ಎದುರುಬದುರಾಗಿದ್ದವು. ಆ ದಿನ 'ಮಾರ್ಕೇಸಾ' ಎಂಬ ಹಡಗಿನ ಒಳಗೆ 24ರ ಹರೆಯದ ಸೈನಿಕನೊಬ್ಬ ಜ್ವರದಿಂದ ಮಲಗಿದ್ದ. ಒಳಗೇ ಇರು ಎಂದು ಮೇಲಧಿಕಾರಿಗಳೂ ಗೆಳೆಯರೂ ಹೇಳಿದರೂ ಆತ ಕೇಳಲಿಲ್ಲ. ಅತಿ ಅಪಾಯದ ಜಾಗವಾದ ಕಿರುದೋಣಿಯ ಬಳಿ 12 ಮಂದಿಯೊಂದಿಗೆ ನಿಂತು ಹೋರಾಡಿದ. ಎದೆಗೆ ಎರಡು ಗುಂಡು, ಎಡಗೈಗೆ ಒಂದು. ಎದೆಯ ಗಾಯ ಮಾಗಿತು. ಎಡಗೈ ಮಾತ್ರ ಸಾಯುವವರೆಗೂ ಕೆಲಸಕ್ಕೆ ಬರಲಿಲ್ಲ.

ಆತನೇ ಮಿಗೆಲ್ ದೆ ಸರ್ವಾಂಟಿಸ್. ನಾವು ಡಾನ್ ಕ್ವಿಕ್ಸಾಟ್ ಎನ್ನುವ, ಸ್ಪೇನಿನವರು ಡಾನ್ ಕಿಹೋತೆ ಎಂದು ಉಚ್ಚರಿಸುವ ಕಾದಂಬರಿಯ ಕರ್ತೃ. ಗಾಳಿಗಿರಣಿಗಳನ್ನು ರಾಕ್ಷಸರೆಂದು ಭಾವಿಸಿ ಈಟಿ ಹಿಡಿದು ನುಗ್ಗಿದ ಮುದುಕನ ಕಥೆಯನ್ನು ನಾವೆಲ್ಲ ಶಾಲೆಯ ಪಠ್ಯದಲ್ಲೋ ಚಿತ್ರಪುಸ್ತಕದಲ್ಲೋ ಓದಿದವರೇ. ನಾನೂ ಸೆಮಿನರಿಯ ದಿನಗಳಲ್ಲಿ ಇದನ್ನು ಮಕ್ಕಳ ಕಥೆ ಎಂದುಕೊಂಡೇ ಕೈಗೆತ್ತಿಕೊಂಡಿದ್ದೆ. ಬರೆದವನ ಬದುಕನ್ನು ತಿಳಿದ ಮೇಲೆ ಪುಸ್ತಕವನ್ನು ಮೊದಲಿಂದ ಓದಬೇಕಾಯಿತು.

ಸರ್ವಾಂಟಿಸ್ ಹುಟ್ಟಿದ್ದು 1547ರಲ್ಲಿ, ಮ್ಯಾಡ್ರಿಡ್ ಬಳಿಯ ಅಲ್ಕಲಾ ದೆ ಎನಾರೆಸ್ ಪಟ್ಟಣದಲ್ಲಿ. ಅಲ್ಲಿನ ಸಾಂತಾ ಮರಿಯಾ ಇಗರ್ಜಿಯಲ್ಲಿ ಅಕ್ಟೋಬರ್ 9ರಂದು ಜ್ಞಾನಸ್ನಾನವಾಯಿತು. ಹೆಸರು ಮಿಗೆಲ್ ಎಂದಿರುವುದರಿಂದ ಸಂತ ಮಿಖಾಯೇಲರ ಹಬ್ಬವಾದ ಸೆಪ್ಟೆಂಬರ್ 29ರಂದು ಹುಟ್ಟಿರಬೇಕು ಎಂಬುದು ಚರಿತ್ರಕಾರರ ಊಹೆ. ತಂದೆ ರೊದ್ರಿಗೊ ಕ್ಷೌರಿಕ ವೈದ್ಯ, ಅಂದರೆ ಮೂಳೆ ಕೂಡಿಸುವುದು, ರಕ್ತ ತೆಗೆಯುವುದು ಇತ್ಯಾದಿ ಮಾಡುವವರು. ಸಾಲ ತೀರಿಸಲಾಗದೆ ಅವರು ಜೈಲು ಕಂಡರು. ಮಕ್ಕಳನ್ನು ಕಟ್ಟಿಕೊಂಡು ಊರಿಂದೂರಿಗೆ ಹೋದರು. ಸಾಲ, ಜೈಲು, ಅಲೆದಾಟ ಈ ಮೂರೂ ಮಗನಿಗೆ ಪಿತ್ರಾರ್ಜಿತವಾಗಿ ಬಂದವು ಎಂದರೆ ತಪ್ಪಾಗಲಾರದು. ಮುಂದೆ ಮಿಗೆಲ್ ರೋಮಿಗೆ ಹೋಗಿ ಸ್ವಲ್ಪ ಕಾಲ ಕಾರ್ಡಿನಲ್ ಅಕ್ವಾವೀವಾ ಅವರ ಮನೆಯಲ್ಲಿ ಸೇವಕನಾಗಿದ್ದ. ಆಮೇಲೆ ಸೈನ್ಯ ಸೇರಿದ.

1575ರ ಸೆಪ್ಟೆಂಬರ್‌ನಲ್ಲಿ ತಮ್ಮ ರೊದ್ರಿಗೊನೊಂದಿಗೆ ನೇಪಲ್ಸ್‌ನಿಂದ ಊರಿಗೆ ಹೊರಟಾಗ ಸ್ಪೇನಿನ ದಡ ಹತ್ತಿರವಿರುವಾಗಲೇ ಕಡಲ್ಗಳ್ಳರು ಹಡಗನ್ನು ಹಿಡಿದರು. ಇಬ್ಬರನ್ನೂ ಆಫ್ರಿಕದ ಅಲ್ಜೀರ್ಸ್‌ಗೆ ಒಯ್ದರು. ಸರ್ವಾಂಟಿಸ್ ಬಳಿ ಸೇನಾಪತಿ ಡಾನ್ ಹುವಾನ್ ಬರೆದುಕೊಟ್ಟ ಶಿಫಾರಸು ಪತ್ರವಿತ್ತು. ಕೆಲಸ ಸಿಗಲೆಂದು ಪಡೆದ ಆ ಪತ್ರವೇ ಮುಳುವಾಯಿತು. ಇವನು ಯಾರೋ ದೊಡ್ಡ ಮನುಷ್ಯನಿರಬೇಕೆಂದು ಕಳ್ಳರು ಬಿಡುಗಡೆಗೆ 500 ಚಿನ್ನದ ಎಸ್ಕುದೊ ಬೆಲೆ ಕಟ್ಟಿದರು. ಕ್ಷೌರಿಕ ವೈದ್ಯನ ಮನೆಯಲ್ಲಿ ಅಷ್ಟು ಹಣ ಎಲ್ಲಿಂದ ಬರಬೇಕು?

ಮುಂದಿನ ಐದು ವರ್ಷಗಳಲ್ಲಿ ಆತ ನಾಲ್ಕು ಬಾರಿ ತಪ್ಪಿಸಿಕೊಳ್ಳಲು ಯತ್ನಿಸಿದ. ಮೊದಲ ಸಲ ದಾರಿ ತೋರಿಸುವವನು ನಡುದಾರಿಯಲ್ಲಿ ಬಿಟ್ಟುಹೋದ. ಎರಡನೇ ಸಲ, 1577ರಲ್ಲಿ, ಸಮುದ್ರದ ಬಳಿಯ ತೋಟದ ಗುಹೆಯಲ್ಲಿ ಹಲವು ಕೈದಿಗಳನ್ನು ತಿಂಗಳುಗಟ್ಟಲೆ ಅಡಗಿಸಿ, ಅವರಿಗೆ ಊಟ ತಲುಪಿಸುವ ವ್ಯವಸ್ಥೆಯನ್ನೂ ಮಾಡಿದ್ದ. ಒಳಗಿನವನೊಬ್ಬ ಸುಳಿವು ಕೊಟ್ಟ. ಸೈನಿಕರು ಬಂದಾಗ ಸರ್ವಾಂಟಿಸ್ ಮುಂದೆ ಬಂದು ಇಡೀ ಸಂಚು ತನ್ನದೇ, ಬೇರಾರದ್ದೂ ತಪ್ಪಿಲ್ಲ ಎಂದು ಒಪ್ಪಿಕೊಂಡ. ತೋಟದ ಮಾಲಿಯನ್ನು ನೇಣಿಗೇರಿಸಿದರು. ಮೂರನೇ ಸಲ ಆತನ ಪತ್ರ ಒಯ್ಯುತ್ತಿದ್ದ ಮುಸ್ಲಿಂ ದೂತನೊಬ್ಬ ಸಿಕ್ಕಿಬಿದ್ದು ಶೂಲಕ್ಕೇರಿದ. ಆತ ಯಾರ ಹೆಸರನ್ನೂ ಹೇಳದೆ ಸತ್ತ. ಸರ್ವಾಂಟಿಸ್‌ಗೆ 2000 ಏಟುಗಳ ಶಿಕ್ಷೆಯಾಯಿತು, ಯಾಕೋ ಅದು ಜಾರಿಯಾಗಲಿಲ್ಲ.

ನಾಲ್ಕನೆಯದು 1579ರಲ್ಲಿ. ಸುಮಾರು 60 ಮಂದಿಯನ್ನು ಒಯ್ಯಲು ಹಡಗು ಸಿದ್ಧವಾಗಿತ್ತು. ಈ ಬಾರಿ ಸುಳಿವು ಕೊಟ್ಟವನು ಹುವಾನ್ ಬ್ಲಾಂಕೊ ದೆ ಪಾಸ್. ಆತನೂ ಸೆರೆಯಾಳೇ, ಜೊತೆಗೆ ಸನ್ಯಾಸ ದೀಕ್ಷೆ ಪಡೆದಿದ್ದವನು. ಧರ್ಮಗುರುವಾಗಿ ಇದನ್ನು ಬರೆಯಲು ನನಗೆ ಹಿತವಲ್ಲ, ಆದರೆ ನಡೆದದ್ದು ಹಾಗೆ. ಆತನಿಗೆ ಸಿಕ್ಕ ಬಹುಮಾನ ಒಂದು ಚಿನ್ನದ ನಾಣ್ಯ ಮತ್ತು ಒಂದು ಭರಣಿ ಬೆಣ್ಣೆ. ಕುತ್ತಿಗೆಗೆ ಹಗ್ಗ ಬಿಗಿದು ಜೊತೆಗಾರರ ಹೆಸರು ಕೇಳಿದಾಗ ಸರ್ವಾಂಟಿಸ್ ಆಗಲೇ ಊರು ಬಿಟ್ಟು ಪಾರಾಗಿದ್ದವರನ್ನು ಮಾತ್ರ ಹೆಸರಿಸಿದ. ಅರುವತ್ತರಲ್ಲಿ ಒಬ್ಬನೂ ಸಿಕ್ಕಿಬೀಳಲಿಲ್ಲ.

ಊರಿನಲ್ಲಿ ತಾಯಿ ಲಿಯೊನೋರ್ ಸುಮ್ಮನೆ ಕುಳಿತಿರಲಿಲ್ಲ. ಸರಕಾರದ ನೆರವು ಬೇಗ ಸಿಗಲೆಂದು ಗಂಡ ಬದುಕಿರುವಾಗಲೇ ತಾನು ವಿಧವೆಯೆಂದು ಅರ್ಜಿ ಬರೆದವರು ಆಕೆ! ಸುಳ್ಳು ಸುಳ್ಳೇ. ಆದರೂ ಪಾಪನಿವೇದನೆಗೆ ಬಂದ ಅಂಥ ತಾಯಿಗೆ ದೊಡ್ಡ ಪ್ರಾಯಶ್ಚಿತ್ತ ಕೊಡಲು ನನಗಂತೂ ಮನಸ್ಸು ಬರಲಿಕ್ಕಿಲ್ಲ. ಇದ್ದ ಹಣದಲ್ಲಿ 1577ರಲ್ಲಿ ಕಿರಿಯವ ರೊದ್ರಿಗೊ ಬಿಡುಗಡೆಯಾದ. ಮಿಗೆಲ್‌ಗಾಗಿ ತಾಯಿ 250, ಅಕ್ಕ ಆಂದ್ರೇಯಾ 50 ಡುಕಾಟ್ ಕೂಡಿಸಿ 1579ರಲ್ಲಿ ತ್ರಿನಿಟೇರಿಯನ್ ಸಭೆಯವರ ಕೈಗೆ ಕೊಟ್ಟರು. ಸೆರೆಯಾಳುಗಳನ್ನು ಹಣ ಕೊಟ್ಟು ಬಿಡಿಸುವುದಕ್ಕೆಂದೇ ಮಾಥಾದ ಸಂತ ಜಾನ್ 1198ರಲ್ಲಿ ಸ್ಥಾಪಿಸಿದ ಸಭೆ ಅದು.

1580ರಲ್ಲಿ ಅಲ್ಜೀರ್ಸ್‌ಗೆ ಬಂದ ಆ ಸಭೆಯ ಫಾದರ್ ಹುವಾನ್ ಗಿಲ್ ಅವರ ಮುಂದೆ ಕಠಿಣ ಲೆಕ್ಕಾಚಾರವಿತ್ತು. ಅಲ್ಜೀರ್ಸ್‌ನ ಆಡಳಿತಗಾರ ಹಸನ್ ಪಾಷಾ ಅಧಿಕಾರ ಮುಗಿಸಿ ತನ್ನ ಗುಲಾಮರೊಂದಿಗೆ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟಿದ್ದ. ಹಡಗು ಅತ್ತ ಹೋಯಿತೆಂದರೆ ಯಾರೂ ಮತ್ತೆ ಸಿಗುವುದಿಲ್ಲ. ಪಾಲಾಫೋಸ್ ಎಂಬ ಶ್ರೀಮಂತ ಮನೆತನದ ಕೈದಿಯನ್ನು ಬಿಡಿಸುವುದೂ ಅವರ ಜವಾಬ್ದಾರಿಯಾಗಿತ್ತು. ಆದರೆ ಹಸನ್ 1000ಕ್ಕಿಂತ ಕಡಿಮೆಗೆ ಒಪ್ಪಲಿಲ್ಲ. ಸರ್ವಾಂಟಿಸ್‌ಗೆ 500 ಸಾಕಿತ್ತು. ತಾಯಿ ಕೊಟ್ಟ ಹಣ, ಸಭೆಯ ನಿಧಿ ಎರಡೂ ಸಾಲದೆ ಫಾದರ್ ಗಿಲ್ ಪೇಟೆಯ ವ್ಯಾಪಾರಿಗಳಿಂದ ಸಾಲ ಎತ್ತಿದರು. ಸೆಪ್ಟೆಂಬರ್ 19ರಂದು, ಹಡಗಿನೊಳಗೆ ಸರಪಳಿಯಲ್ಲಿ ಕುಳಿತಿದ್ದ ಸರ್ವಾಂಟಿಸ್ ಕೆಳಗಿಳಿದು ಬಂದ. ಇನ್ನೊಬ್ಬನಿಗೆ ಆ ದಿನ ಬಿಡುಗಡೆಯಾಗಲಿಲ್ಲ.

ಊರಿಗೆ ಹೊರಡುವ ಮುನ್ನ ಸರ್ವಾಂಟಿಸ್ ಫಾದರ್ ಗಿಲ್ ಅವರ ಸಮ್ಮುಖದಲ್ಲಿ 12 ಸಾಕ್ಷಿಗಳ ಹೇಳಿಕೆ ಬರೆಸಿಕೊಂಡ. ಬ್ಲಾಂಕೊ ದೆ ಪಾಸ್ ತನ್ನ ಮೇಲೆ ಅಪವಾದ ಹಬ್ಬಿಸುತ್ತಿದ್ದುದೇ ಇದಕ್ಕೆ ಕಾರಣ. ಸಹಕೈದಿಯಾಗಿದ್ದ ಧರ್ಮಗುರು ಆಂತೋನಿಯೊ ದೆ ಸೋಸಾ ಅವರೂ ಬರವಣಿಗೆಯಲ್ಲಿ ಸಾಕ್ಷಿ ನುಡಿದಿದ್ದಾರೆ. ಮೇಲಿನ ಸಂಗತಿಗಳು ಇಂದು ನಮಗೆ ತಿಳಿದಿರುವುದು ಬಹುಪಾಲು ಆ ಕಾಗದಪತ್ರದಿಂದ.

ಬಿಡುಗಡೆಯ ನಂತರ ಬದುಕು ಸುಲಭವಾಯಿತೇ ಎಂದರೆ ಇಲ್ಲ. 1584ರಲ್ಲಿ ಎಸ್ಕಿವಿಯಾಸ್ ಹಳ್ಳಿಯ ಕತಲಿನಾಳೊಂದಿಗೆ ಮದುವೆ. ಅದಕ್ಕೆ ಮೊದಲು ಬೇರೊಬ್ಬಳಿಂದ ಆದ ಮಗಳೊಬ್ಬಳಿದ್ದಳು. ಬರೆದ ನಾಟಕಗಳು ಹೊಟ್ಟೆ ತುಂಬಿಸಲಿಲ್ಲ. 1587ರಿಂದ ಸೈನ್ಯದ ಹಡಗುಗಳಿಗೆ ಗೋಧಿ ಮತ್ತು ಒಲಿವ್ ಎಣ್ಣೆ ಸಂಗ್ರಹಿಸುವ ಸರಕಾರಿ ಕೆಲಸ ಸಿಕ್ಕಿತು. ಆಂದಲೂಸಿಯಾದ ಊರೂರು ಸುತ್ತಿ ರೈತರ ಕಣಜ ತೆರೆಸಬೇಕು. ಹಣ ಮಾತ್ರ ಸರಕಾರ ಆಮೇಲೆ ಕೊಡುತ್ತದೆ. ಎಸಿಹಾ ಎಂಬಲ್ಲಿ ಸೆವಿಲ್ ಪ್ರಧಾನಾಲಯದ ಗುರುಮಂಡಲಿಗೆ ಸೇರಿದ ಗೋಧಿಯನ್ನೂ ಎತ್ತಿದಾಗ ಆತನಿಗೆ ಧರ್ಮಸಭೆಯಿಂದ ಬಹಿಷ್ಕಾರ ಹಾಕಲಾಯಿತು. ಇನ್ನೊಂದು ಊರಲ್ಲಿ ಸಾಕ್ರಿಸ್ತಾನನನ್ನು ಬಂಧಿಸಿದ್ದಕ್ಕೆ ಮತ್ತೊಮ್ಮೆ ಬಹಿಷ್ಕಾರ. ಲೆಪಾಂಟೊದಲ್ಲಿ ಕೈ ಕಳೆದುಕೊಂಡವನಿಗೆ ಗೋಧಿಯ ವಿಷಯದಲ್ಲಿ ಈ ಶಿಕ್ಷೆ! 1590ರಲ್ಲಿ ಅಮೆರಿಕದ ವಸಾಹತುಗಳಲ್ಲಿ ಹುದ್ದೆ ಬೇಡಿ ಅರ್ಜಿ ಹಾಕಿದರೆ, ಇಲ್ಲೇ ಏನಾದರೂ ಹುಡುಕಿಕೊಳ್ಳಲಿ ಎಂಬ ಷರಾ ಬಂತು. ಮುಂದೆ ತೆರಿಗೆ ವಸೂಲಿಯ ಹಣವನ್ನು ಇಟ್ಟಿದ್ದ ಲೇವಾದೇವಿಗಾರ ದಿವಾಳಿಯಾಗಿ ಓಡಿಹೋದುದರಿಂದ 1597ರಲ್ಲಿ ಸೆವಿಲ್ ಜೈಲು ಸೇರಬೇಕಾಯಿತು. ತನ್ನ ಕಥಾನಾಯಕ ಜೈಲಿನಲ್ಲಿ ಹುಟ್ಟಿದ ಕೂಸು ಎಂಬರ್ಥದಲ್ಲಿ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ.

ಪುಸ್ತಕದ ಮೊದಲ ಭಾಗ 1605ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಚ್ಚಾಯಿತು. ಆಗ ಆತನಿಗೆ 57. ಕಣಜ ತೆರೆಸಿ ಊರೂರು ಅಲೆದವನಿಗಲ್ಲದೆ ಇಂಥ ಪುಸ್ತಕ ಬರೆಯಲು ಬರುವುದಿಲ್ಲ ಎಂದು ನನಗೆ ಅನಿಸುತ್ತದೆ. ಸ್ಪೇನ್ ನೋಡಲು ಹೋಗಲಾಗದ ನಮ್ಮಂಥವರಿಗೆ ಆ ದೇಶದ ಧೂಳು, ಛತ್ರ, ಕತ್ತೆ, ಅಡುಗೆ ಎಲ್ಲ ಅದರಲ್ಲಿವೆ. ಕಥೆ ಶುರುವಾಗುವುದೇ ನಾಯಕನ ವಾರದ ಊಟದ ಪಟ್ಟಿಯಿಂದ. ಕುರಿಗಿಂತ ದನದ ಮಾಂಸವೇ ಹೆಚ್ಚಿರುವ ಸಾರು, ಯಾಕೆಂದರೆ ಅದು ಅಗ್ಗ. ಶುಕ್ರವಾರ ಮಾಂಸವರ್ಜನೆ, ಆದ್ದರಿಂದ ಬೇಳೆ. ಭಾನುವಾರ ಒಂದು ಪಾರಿವಾಳದ ಮರಿ ಇದ್ದರೆ ವಿಶೇಷ. ಇಷ್ಟಕ್ಕೇ ಆದಾಯದ ಮುಕ್ಕಾಲು ಪಾಲು ಖರ್ಚು. ಹೆಸರಿಗೆ ಸಾಹುಕಾರ, ಒಳಗೆ ಬಡತನ ಎಂಬುದನ್ನು ಅಡುಗೆಮನೆಯ ಮೂಲಕವೇ ಹೇಳಿಬಿಡುತ್ತಾನೆ.

ನಾಯಕ ಮೊದಲ ದಿನ ಛತ್ರ ತಲುಪುವುದೂ ಶುಕ್ರವಾರವೇ. ಅಲ್ಲಿ ಇರುವುದು ಉಪ್ಪುಹಾಕಿದ ಕಾಡ್ ಮೀನು ಮಾತ್ರ. ಸರಿಯಾಗಿ ನೆನೆಸಿಲ್ಲ, ಸರಿಯಾಗಿ ಬೇಯಿಸಿಲ್ಲ. ಒಣಮೀನನ್ನು ಅರೆಬರೆ ನೆನೆಸಿದರೆ ಬಾಯಿಗೆ ಏನಾಗುತ್ತದೆಂದು ನಮ್ಮ ಕರಾವಳಿಯವರಿಗೆ ವಿವರಿಸಬೇಕಿಲ್ಲ. ಶಿರಸ್ತ್ರಾಣ ಬಿಚ್ಚಲು ಆಗದೆ ಕುಳಿತವನಿಗೆ ಛತ್ರದ ಬಾಗಿಲಲ್ಲಿದ್ದ, ಲೋಕ ಕೀಳಾಗಿ ಕಾಣುವ ಹೆಂಗಸರು ತುತ್ತು ಕೊಡುತ್ತಾರೆ. ಛತ್ರದವನು ಲಾಳದ ಕಡ್ಡಿ ಕೊರೆದು ಅದರ ಮೂಲಕ ವೈನ್ ಕುಡಿಸುತ್ತಾನೆ. ಆತನಿಗೋ ಅವರೆಲ್ಲ ರಾಜಕುಮಾರಿಯರು. ಓದಿ ನಕ್ಕಿದ್ದೇನೆ, ಆದರೆ ಪೂರ್ತಿ ನಗಲಾಗಿಲ್ಲ.

ಇನ್ನೊಂದು ಕಡೆ ಕಥೆಯ ಅರಬ್ಬಿ ಹಸ್ತಪ್ರತಿ ತೊಲೇದೊದ ಪೇಟೆಯಲ್ಲಿ ರದ್ದಿಯ ಜೊತೆ ಸಿಕ್ಕಿತೆಂದು ಹೇಳಿ, ಅದನ್ನು ಅನುವಾದಿಸಿದವನಿಗೆ ಕೊಟ್ಟ ಸಂಭಾವನೆ ಒಣದ್ರಾಕ್ಷಿ ಮತ್ತು ಗೋಧಿ ಎನ್ನುತ್ತಾನೆ. ನಮ್ಮ ಪತ್ರಿಕೆಗಳಿಗೆ ಅನುವಾದ ಮಾಡಿಕೊಡುವ ಸ್ನೇಹಿತರು ಇದನ್ನು ಗಮನಿಸದಿದ್ದರೆ ಒಳ್ಳೆಯದು!

1615ರಲ್ಲಿ ಬಂದ ಎರಡನೇ ಭಾಗದ ಒಂದು ಊಟದ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. 1609ರಿಂದ ಮೊರಿಸ್ಕೊಗಳನ್ನು, ಅಂದರೆ ಜ್ಞಾನಸ್ನಾನ ಪಡೆದ ಮುಸ್ಲಿಮರ ಸಂತತಿಯವರನ್ನು, ದೊರೆ ಮೂರನೇ ಫಿಲಿಪ್ ದೇಶದಿಂದ ಹೊರಗಟ್ಟಿದ್ದ. ಸುಮಾರು ಮೂರು ಲಕ್ಷ ಜನ ಮನೆಮಠ ಬಿಟ್ಟು ಹೋದರು. ಕಥೆಯಲ್ಲಿ ನಾಯಕನ ಸೇವಕ ಸಾಂಚೊ ದಾರಿಯಲ್ಲಿ ಹೋಗುವಾಗ ಯಾತ್ರಿಕನೊಬ್ಬ ಬಂದು ಅಪ್ಪಿಕೊಳ್ಳುತ್ತಾನೆ. ನೋಡಿದರೆ ತನ್ನೂರಿನ ಅಂಗಡಿಯ ರಿಕೋತೆ, ಗಡಿಪಾರಾದ ಮೊರಿಸ್ಕೊ. ಹೂತಿಟ್ಟ ಹಣ ತೆಗೆಯಲು ವೇಷ ಮರೆಸಿ ಬಂದಿದ್ದಾನೆ. ಹುಲ್ಲಿನ ಮೇಲೆ ರೊಟ್ಟಿ, ಉಪ್ಪು, ಚೀಸ್, ಒಲಿವ್, ಚೀಪಲು ಹಂದಿ ಮಾಂಸದ ಎಲುಬು ಹರಡಿ ಎಲ್ಲರೂ ಉಣ್ಣುತ್ತಾರೆ, ವೈನ್ ಚೀಲ ಎತ್ತಿ ಕುಡಿಯುತ್ತಾರೆ. ರಿಕೋತೆ ತನ್ನ ಊರಿನ ನೆನಪಿನಲ್ಲಿ ಅಳುಕುತ್ತಾ ಮಾತನಾಡುತ್ತಾನೆ. ಹಣ ತೆಗೆಯಲು ನೆರವಾದರೆ 200 ಎಸ್ಕುದೊ ಕೊಡುತ್ತೇನೆ ಎನ್ನುತ್ತಾನೆ. ಸಾಂಚೊ ಬಡವ, ಆದರೂ ಬೇಡವೆನ್ನುತ್ತಾನೆ. ದೊರೆಗೆ ದ್ರೋಹವಾದೀತೆಂಬ ಭಯ ಅವನಿಗೆ. ನಿನ್ನ ಗುಟ್ಟು ಮಾತ್ರ ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು ತನ್ನ ದಾರಿ ಹಿಡಿಯುತ್ತಾನೆ. ಒಂದು ನಾಣ್ಯಕ್ಕೂ ಬೆಣ್ಣೆಗೂ ತನ್ನನ್ನು ಮಾರಿದವನನ್ನು ಕಂಡಿದ್ದ ಲೇಖಕ, ತನ್ನ ಹೆಸರು ಹೇಳದೆ ಶೂಲಕ್ಕೇರಿದ ಮುಸ್ಲಿಂ ದೂತನನ್ನೂ ಕಂಡಿದ್ದ. ಅಲ್ಜೀರ್ಸ್‌ನಿಂದ ಬಂದು 35 ವರ್ಷಗಳ ಮೇಲೆ ಬರೆದ ಪುಟಗಳಿವು.

ಕೊನೆಯ ವರ್ಷಗಳಲ್ಲಿ ಸರ್ವಾಂಟಿಸ್ ಪರಮಪ್ರಸಾದದ ಭಕ್ತಸಂಘವೊಂದನ್ನು ಸೇರಿದ. 1616ರ ಏಪ್ರಿಲ್ 2ರಂದು ಸಂತ ಫ್ರಾನ್ಸಿಸರ ಮೂರನೇ ಸಭೆಯಲ್ಲಿ ವಚನ ಸ್ವೀಕರಿಸಿದ. 18ರಂದು ಅಂತ್ಯಾಭ್ಯಂಗ, 19ರಂದು ಕೊನೆಯ ಪುಸ್ತಕದ ಅರ್ಪಣೆ ಬರೆದದ್ದು, 22ರಂದು ಮರಣ. ಆ ಕೊನೆಯ ಪುಸ್ತಕವನ್ನು ಹೆಂಡತಿ ಕತಲಿನಾ ಮರುವರ್ಷ ಪ್ರಕಟಣೆಗೆ ಕೊಟ್ಟಳು. ಏಪ್ರಿಲ್ 23ರಂದು ಆತನನ್ನು ಸಮಾಧಿ ಮಾಡಿದ್ದು ಮ್ಯಾಡ್ರಿಡ್‌ನ ತ್ರಿನಿಟೇರಿಯನ್ ಧರ್ಮಭಗಿನಿಯರ ಮಠದಲ್ಲಿ. ಸರಪಳಿ ಕಳಚಿದ ಸಭೆಯವರ ಬಳಿಯೇ ಮಲಗಿದ.

ಮಠ ಕಟ್ಟಡದ ಬದಲಾವಣೆಗಳ ನಡುವೆ ಸಮಾಧಿ ಎಲ್ಲಿದೆ ಎಂಬುದೇ ಮರೆತುಹೋಯಿತು. 2015ರ ಮಾರ್ಚ್‌ನಲ್ಲಿ ತಜ್ಞರು ನೆಲದಡಿಯಲ್ಲಿ ಹಲವರ ಎಲುಬುಗಳ ಜೊತೆ ಆತನದ್ದೂ ಇರುವ ಸಾಧ್ಯತೆ ಹೆಚ್ಚು ಎಂದು ಪ್ರಕಟಿಸಿದರು. ಅದೇ ವರ್ಷ ಜೂನ್‌ನಲ್ಲಿ ಅಲ್ಲಿ ಸ್ಮಾರಕ ಶಿಲೆ ಇಟ್ಟರು. ಮಠವಿರುವ ರಸ್ತೆಗೆ ಆತನ ಪ್ರತಿಸ್ಪರ್ಧಿ ಲೋಪೆ ದೆ ವೇಗಾನ ಹೆಸರು, ಲೋಪೆಯ ಮನೆಯಿರುವ ರಸ್ತೆಗೆ ಸರ್ವಾಂಟಿಸ್ ಹೆಸರು. ಅಂದ ಹಾಗೆ, ಆ ಹೊಸ ಶಿಲೆಯಲ್ಲಿ ಆತನ ಕೊನೆಯ ಪುಸ್ತಕದ ಹೆಸರನ್ನು ಕೆತ್ತುವಾಗ 'ಸಿಗಿಸ್ಮುಂದಾ' ಎಂಬುದು 'ಸೆಗಿಸ್ಮುಂದಾ' ಆಗಿ ಅಕ್ಷರದೋಷ ಉಳಿದುಬಿಟ್ಟಿತ್ತು.