ಟಿಟೊ: ಎರಡು ಭಾಷೆಯ ಮನೆಯಲ್ಲಿ ಹುಟ್ಟಿದ ಗಡಿನಾಡ ಹುಡುಗ

ಯುಗೊಸ್ಲಾವಿಯ ಎಂಬ ದೇಶ ಈಗ ಭೂಪಟದಲ್ಲಿಲ್ಲ. ಅದನ್ನು 35 ವರ್ಷ ಆಳಿದ ಜೋಸಿಪ್ ಬ್ರೋಜ್ ಟಿಟೊ ಹುಟ್ಟಿದ್ದು 1892ರಲ್ಲಿ, ಕ್ರೊಯೇಷಿಯದ ಕುಮ್ರೊವೆಟ್ಸ್ ಗ್ರಾಮದಲ್ಲಿ. ಪಕ್ಕದ ಸುತ್ಲಾ ಹೊಳೆ ದಾಟಿದರೆ ಸ್ಲೊವೇನಿಯ. ಆಗ ಎರಡೂ ದಡಕ್ಕೆ ಒಬ್ಬನೇ ದೊರೆ. ತಂದೆ ಕ್ರೊಯಾಟ್, ತಾಯಿ ಸ್ಲೊವೇನ್. ತಾಯಿಯ ತವರಿನಲ್ಲಿ ಬೆಳೆದ ಹುಡುಗನಿಗೆ ಶಾಲೆ ಸೇರುವಾಗ ಕ್ರೊಯೇಷಿಯನ್ನಿಗಿಂತ ಸ್ಲೊವೇನ್ ಭಾಷೆಯೇ ಚೆನ್ನಾಗಿ ಬರುತ್ತಿತ್ತು. ಗಡಿನಾಡಿನವರಿಗೆ ಇದೇನೂ ಹೊಸತಲ್ಲ.

ಬೀಗದ ಕೆಲಸ ಕಲಿತರು. ಮೊದಲ ಮಹಾಯುದ್ಧದಲ್ಲಿ ರಷ್ಯನ್ನರಿಗೆ ಸೆರೆ ಸಿಕ್ಕರು. ಊರಿಗೆ ಮರಳಿ ಕಮ್ಯುನಿಸ್ಟರಾದರು. 1941ರಲ್ಲಿ ಹಿಟ್ಲರನ ಸೇನೆ ನುಗ್ಗಿದಾಗ ಸೆರ್ಬರು, ಕ್ರೊಯಾಟರು, ಮುಸ್ಲಿಮರ ನಡುವೆಯೇ ಕೊಲೆಗಳು ನಡೆಯುತ್ತಿದ್ದವು. ಆ ಹೊತ್ತಿನಲ್ಲಿ ಎಲ್ಲರನ್ನೂ ಸೇರಿಸಿ ಗೆರಿಲ್ಲಾ ಪಡೆ ಕಟ್ಟಿದ್ದೇ ಟಿಟೊ ಅವರ ದೊಡ್ಡ ಸಾಧನೆ. 1945ರಲ್ಲಿ ಆರು ಗಣರಾಜ್ಯಗಳ ಒಕ್ಕೂಟ ರೂಪುಗೊಂಡಿತು. 1948ರಲ್ಲಿ ಸ್ಟಾಲಿನ್‌ಗೇ ಸೆಡ್ಡು ಹೊಡೆದರು. 1961ರಲ್ಲಿ ನೆಹರೂ, ನಾಸೆರ್ ಮುಂತಾದವರೊಡನೆ ಬೆಲ್‌ಗ್ರೇಡ್‌ನಲ್ಲಿ ಅಲಿಪ್ತ ಶೃಂಗಸಭೆ ನಡೆಸಿದರು.

ಆದರೆ ಒಗ್ಗಟ್ಟು ನಿಂತದ್ದು ಅವರ ಬಿಗಿ ಹಿಡಿತದ ಮೇಲೆ. ವಿರೋಧಿಗಳಿಗೆ ಜೈಲು. 1971ರಲ್ಲಿ ತಮ್ಮದೇ ಕ್ರೊಯೇಷಿಯದ ಚಳವಳಿಯನ್ನು ಹತ್ತಿಕ್ಕಿದರು. ತಾವು ಆಜೀವ ಅಧ್ಯಕ್ಷ, ತಮ್ಮ ನಂತರ ವರ್ಷಕ್ಕೊಬ್ಬರಂತೆ ಸರದಿ ಎಂಬ ವ್ಯವಸ್ಥೆ. ಹೀಗೆ ಸರದಿಯಲ್ಲಿ ದೇಶ ನಡೆದೀತೇ?

1980ರ ಮೇ 4ರಂದು ಟಿಟೊ ತೀರಿಕೊಂಡರು. ಸಾಲ, ಬೆಲೆಯೇರಿಕೆ ಬೆಳೆದವು. ನಾಯಕರು ಜನಾಂಗದ ಹೆಸರಲ್ಲಿ ಬೆಂಬಲ ಕೇಳತೊಡಗಿದರು. 1991ರ ಜೂನ್ 25ರಂದು ಸ್ಲೊವೇನಿಯ, ಕ್ರೊಯೇಷಿಯ ಸ್ವಾತಂತ್ರ್ಯ ಘೋಷಿಸಿದವು. 1992ರಿಂದ 95ರವರೆಗಿನ ಬೋಸ್ನಿಯ ಯುದ್ಧದಲ್ಲೇ ಸುಮಾರು ಒಂದು ಲಕ್ಷ ಜನ ಸತ್ತರು.

ಸುತ್ಲಾ ಹೊಳೆ ಈಗ ಎರಡು ದೇಶಗಳ ಗಡಿ. 2023ರ ಜನವರಿಯಲ್ಲಿ ಅಲ್ಲಿ ತಪಾಸಣೆ ತೆಗೆದರು. ಅಕ್ಟೋಬರಿನಲ್ಲಿ ಸ್ಲೊವೇನಿಯ ಮತ್ತೆ ಹಾಕಿತು.